ಹಸಿರು ಪೈಪಿನ ಬೇಸಿಗೆ

ಬ್ಲೀಚಿಂಗ್ ಪೌಡರಿನ ವಾಸನೆ ಬಂದರೆ ಜನಕ್ಕೆ ಅದೇನೋ ನೆಮ್ಮದಿ. ಹೋದ ವಾರ ಬಳ್ಳಾರಿಯಲ್ಲಿ ಸೋದರಮಾವನ ಮಗನ ಮದುವೆ. ಊಟಕ್ಕೆ ಕೂತಾಗ ಸಾರಿನ ಘಮಕ್ಕಿಂತ ಮೊದಲು ಬ್ಲೀಚಿಂಗ್ ಮೂಗಿಗೆ ಬಡಿಯಿತು. ಪಕ್ಕದಲ್ಲಿದ್ದ ನಮ್ಮತ್ತೆ, "ಎಷ್ಟು ಸ್ವಚ್ಛ ಇಟ್ಟಾರ ನೋಡು, ವಾಸನಿ ಮ್ಯಾಲೇ ಗೊತ್ತಾಗತೈತಿ" ಅಂದಳು. ನಾನು ಮಜ್ಜಿಗೆ ಬಡಿಸುವ ಜಗ್ಗಿನ ಹಿಡಿಕೆಯ ಸಂದಿ ನೋಡುತ್ತಿದ್ದೆ. ಬೆರಳಾಡಿಸಿದರೆ ಜಾರಿತು. ಮಜ್ಜಿಗೆ ಬೇಡವೆಂದೆ. ಅತ್ತೆ ಎರಡು ಲೋಟ ಕುಡಿದಳು, ಅವಳಿಗೆ ಏನೂ ಆಗಲಿಲ್ಲ. "ಕಲತೋರ ಹೊಟ್ಟಿ ಭಾಳ ನಾಜೂಕವ್ವ" ಎಂದು ನನ್ನನ್ನೇ ಆಡಿಕೊಂಡಳು.

ಮನೆಗೆ ಬಂದು ಸೀರೆ ಬದಲಿಸಿದರೂ ಆ ವಾಸನೆ ಮೂಗು ಬಿಡಲಿಲ್ಲ. ಅದರ ಹಿಂದೆಯೇ ಕೆಲವು ವರ್ಷ ಹಿಂದಿನ ಆ ಬೇಸಿಗೆ ಬಂತು, ಹಸಿರು ಪೈಪು ಬಂತು, ಹುಲಿಗೆಮ್ಮ ಬಂದಳು. ಈಗ ನಾನು ಬಳ್ಳಾರಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಹುಡುಗಿಯರಿಗೆ ಸೂಕ್ಷ್ಮಜೀವಿಗಳ ವಿಷಯ ಹೇಳುವಾಗೆಲ್ಲ ಆ ಬೇಸಿಗೆಯನ್ನು ಹಾರಿಸಿ ಮುಂದೆ ಹೋಗುತ್ತೇನೆ. ಯಾಕೆಂದರೆ ಅದನ್ನು ಹೇಳಲು ಕೂತರೆ ನನಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಪಾಠ ಕೆಡುತ್ತದೆ.

ಆಗ ನನ್ನ ಕೆಲಸ ಕುರುಗೋಡಿನ ಹೊರಗಿದ್ದ ಒಂದು ಖಾಸಗಿ ಡೇರಿಯ ಪ್ರಯೋಗಾಲಯದಲ್ಲಿ. ಪ್ರಯೋಗಾಲಯ ಅಂದರೆ ಎರಡು ಕೋಣೆ. ಒಂದರಲ್ಲಿ ಗಾಜಿನ ಕೊಳವೆಗಳು, ಇನ್ನೊಂದರಲ್ಲಿ ನಾನು. ಕಿಟಕಿಯಾಚೆ ಬಂಡೆಗುಡ್ಡ, ಮಧ್ಯಾಹ್ನವಾದರೆ ಆ ಬಂಡೆಗಳ ಝಳ ನೇರ ಮೇಜಿನ ಮೇಲೆ. ಬಳ್ಳಾರಿಗೆ ಎರಡೇ ಕಾಲ, ಬಿಸಿಲುಗಾಲ ಮತ್ತು ಕಡುಬಿಸಿಲುಗಾಲ ಎಂದು ನಾವೇ ನಗುತ್ತೇವೆ. ಆ ವರ್ಷ ಮೊದಲನೆಯದು ಬರಲೇ ಇಲ್ಲ.

ಹಳ್ಳಿಹಳ್ಳಿಗಳಲ್ಲಿ ಹಾಲು ತಣ್ಣಗಿಡುವ ದೊಡ್ಡ ಸ್ಟೀಲ್ ಟ್ಯಾಂಕುಗಳಿದ್ದವು. ಊರ ಹಾಲೆಲ್ಲ ಅದರೊಳಗೆ ಕೂಡಿ, ಆಮೇಲೆ ಟ್ಯಾಂಕರಿನಲ್ಲಿ ನಮ್ಮಲ್ಲಿಗೆ ಬರುತ್ತಿತ್ತು. ಬಂದ ಹಾಲಿಗೆ ನಾನು ಒಂದಿಷ್ಟು ನೀಲಿ ಬಣ್ಣ ಬೆರೆಸಿ ಬೆಚ್ಚಗಿನ ನೀರಿನಲ್ಲಿ ನಿಲ್ಲಿಸುತ್ತಿದ್ದೆ. ಹಾಲು ಚೆನ್ನಾಗಿದ್ದರೆ ನೀಲಿ ಬಹಳ ಹೊತ್ತು ಉಳಿಯುತ್ತದೆ. ಸೂಕ್ಷ್ಮಜೀವಿಗಳು ಹೆಚ್ಚಿದ್ದರೆ ಅವು ಆ ಬಣ್ಣವನ್ನು ತಿಂದುಹಾಕಿದಂತೆ ಹಾಲು ಬೇಗ ಬೆಳ್ಳಗಾಗುತ್ತದೆ. ಬೆಳ್ಳಗಿನ ಹಾಲು ನೋಡಿ ಬೇಜಾರಾಗುವ ಕೆಲಸ ನಮ್ಮದೊಂದೇ ಇರಬೇಕು.

ಆ ಬೇಸಿಗೆಯಲ್ಲಿ ಒಂದು ಊರಿನ ಹಾಲು ಬೇಗಬೇಗ ಬೆಳ್ಳಗಾಗತೊಡಗಿತು. ಸಿರುಗುಪ್ಪ ತಾಲೂಕು, ರಾರಾವಿ ದಾಟಿ ಹೊಳೆಯ ಕಡೆ ಒಳಗೆ ಹೋದರೆ ಸಿಗುವ ಊರು. ಹೆಸರು ಬರೆಯುವುದಿಲ್ಲ. ಅಂಥ ಊರು ಅದೊಂದೇ ಅಲ್ಲ.

ನಮ್ಮ ಮ್ಯಾನೇಜರರು ಆದೋನಿ ಕಡೆಯವರು, ಅರ್ಧ ತೆಲುಗು ಅರ್ಧ ಕನ್ನಡ. "ಏಮ್ಮಾ ಸುಜಾತಾ, ಈ ಊರಿನ ಹಾಲಿಗೆ ಏಮೈಂದಿ? ಹೋಗಿ ನೋಡ್ಕೊಂಡು ಬಾಮ್ಮಾ" ಎಂದು ಜೀಪು ಹತ್ತಿಸಿ ಕಳಿಸಿದರು.

ಭತ್ತ ಕೊಯ್ದ ಗದ್ದೆಗಳಲ್ಲಿ ಕೂಳೆ ಒಣಗಿ ನಿಂತಿತ್ತು. ಕಾಲುವೆಯಲ್ಲಿ ನೀರು ನಿಲ್ಲಿಸಿದ್ದರು. ಹಾಲಿನ ಸಂಘದ ಕಟ್ಟಡ ಊರ ನಡುವೆ, ಒಂದು ಬೇವಿನ ಮರದ ಮುಂದೆ. ಜೀಪಿನಿಂದ ಇಳಿಯುವ ಮೊದಲೇ ಬ್ಲೀಚಿಂಗ್ ವಾಸನೆ. ಕಾರ್ಯದರ್ಶಿ ಪಂಪಾಪತಿಯವರು ಬಾಗಿಲಲ್ಲೇ ನಿಂತಿದ್ದರು. ಅಚ್ಚ ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ. ಕೆಟ್ಟ ಮನುಷ್ಯನಲ್ಲ. ಊರಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ ತನ್ನ ಗಾಡಿಯಲ್ಲಿ ಸಿರುಗುಪ್ಪದ ಆಸ್ಪತ್ರೆಗೆ ಮುಟ್ಟಿಸುತ್ತಿದ್ದವರು, ಯಾವ ಕೇರಿಯವರಾದರೂ ಸರಿ. ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು.

"ಬರ್ರಿ ಮೇಡಂ, ಬರ್ರಿ. ಒಂದು ಕಸ ಇಲ್ಲ ನೋಡ್ರಿ ನಮ್ಮಲ್ಲಿ" ಅಂದರು. ನಿಜ. ನೆಲ ಕನ್ನಡಿ. ಟ್ಯಾಂಕು ಫಳಫಳ. ಟ್ಯಾಂಕು ತೊಳೆಯುವ ಈರಣ್ಣ ಕಾಲಿಗೆ ಗಂಬೂಟು ಹಾಕಿ ನಿಂತಿದ್ದ. ಸ್ಟೀಲಿನ ಲೋಟದಲ್ಲಿ ಚಹಾ ಬಂತು, ಕೆನೆ ಕಟ್ಟಿದ ಗಟ್ಟಿ ಹಾಲಿನದು.

ಚಹಾ ಕುಡಿಯುತ್ತಾ ಪಂಪಾಪತಿಯವರು ಕೇಳಿದರು, "ಮೇಡಂ, ತಮ್ದು ಯಾವ ಪೈಕಿ?"

"ಬಳ್ಳಾರಿ, ಕೌಲ್‌ಬಜಾರ್" ಅಂದೆ.

ಅವರು ನಕ್ಕರು. "ಊರಲ್ಲ ಮೇಡಂ ನಾ ಕೇಳಿದ್ದು."

ನನಗೆ ಗೊತ್ತಿತ್ತು ಅವರು ಕೇಳಿದ್ದು ಏನೆಂದು. ನಮ್ಮ ಮನೆಯ ಪಡಸಾಲೆಯಲ್ಲಿ ಬುದ್ಧನ ಪಟವಿದೆ. ಬುದ್ಧನಿಗೆ ಹಾಲಿನ ಪಾಯಸ ಕೊಟ್ಟವಳ ಹೆಸರನ್ನು ಅವ್ವ ನನಗೆ ಇಟ್ಟಳು. ಅದಕ್ಕೂ ಹಿಂದೆ ನಮ್ಮ ಅಜ್ಜಿ ಊರಾಚೆಯ ಕೇರಿಯಲ್ಲಿ ಬದುಕಿದವಳು. ಇದೆಲ್ಲ ಚಹಾ ಲೋಟ ಕೈಯಲ್ಲಿ ಹಿಡಿದು ಹೇಳುವ ಮಾತಾಗಿರಲಿಲ್ಲ. ಟ್ಯಾಂಕು ನೋಡೋಣ ಎಂದು ಎದ್ದೆ.

ಹಾಲು ಸುರಿಯುವ ಹೊತ್ತು ಶುರುವಾಯಿತು. ಮುಂಬಾಗಿಲಲ್ಲಿ ಒಂದು ಸ್ಟೀಲ್ ತೊಟ್ಟಿ. ಊರವರು ಸಾಲಾಗಿ ಬಂದು, ಅಳತೆ ಮಾಡಿಸಿ, ಅದರೊಳಗೆ ಸುರಿದರು. ತೊಟ್ಟಿಯಿಂದ ಪಂಪಿನ ಮೂಲಕ ಸ್ಟೀಲ್ ಕೊಳವೆಯಲ್ಲಿ ಹಾಲು ಟ್ಯಾಂಕಿಗೆ. ಅದನ್ನು ನೋಡುತ್ತಿದ್ದಾಗ ಕಟ್ಟಡದ ಹಿಂದೆ ಹೆಂಗಸರ ಮಾತು ಕೇಳಿಸಿತು. ಸುತ್ತಿಕೊಂಡು ಹೋದೆ. ಹಿಂಗೋಡೆಯಲ್ಲಿ ಒಂದು ಕಿಟಕಿ, ಕಿಟಕಿಗೆ ಒಂದು ಲಾಳಿಕೆ, ಲಾಳಿಕೆಗೆ ಹಸಿರು ಪ್ಲಾಸ್ಟಿಕ್ ಪೈಪು, ಗದ್ದೆಗೆ ನೀರು ಬಿಡುವಂಥದ್ದು. ಪೈಪು ಬಿಸಿಲು ಬೀಳುವ ಗೋಡೆಯುದ್ದಕ್ಕೂ ಜೋತಾಡುತ್ತಾ ಹೋಗಿ, ಒಳಗೆ ಆ ಸ್ಟೀಲ್ ಕೊಳವೆಗೇ ಕೂಡಿತ್ತು. ಕೆಳಗಿನ ಕೇರಿಯ ಹೆಂಗಸರು ಬಿಸಿಲಲ್ಲಿ ನಿಂತು ಅದರೊಳಗೆ ಹಾಲು ಹುಯ್ಯುತ್ತಿದ್ದರು.

"ಇದ್ಯಾಕ?" ಎಂದು ಕೇಳಿದೆ.

"ರಶ್ ಆಗಬಾರ್ದು ಅಂತ ಎರಡು ಮಾಡೀವ್ರಿ ಮೇಡಂ" ಅಂದರು ಪಂಪಾಪತಿಯವರು, ಒಂದಿಷ್ಟೂ ತಡವರಿಸದೆ.

ಮುಂದೆ ಹುಯ್ದ ಹಾಲು, ಹಿಂದೆ ಹುಯ್ದ ಹಾಲು, ಎರಡೂ ಕೂಡುವುದು ಒಂದೇ ಟ್ಯಾಂಕಿನಲ್ಲಿ. ಟ್ಯಾಂಕಿನೊಳಗೆ ಯಾರದೂ ಯಾವುದೂ ಬೇರೆಯಲ್ಲ. ಬಾಯಿ ಮಾತ್ರ ಎರಡು. ಊರಿಗೆ ಅಷ್ಟು ಸಾಕಾಗಿತ್ತು.

ಸಾಲಿನ ಕೊನೆಯಲ್ಲಿದ್ದವಳು ಹುಲಿಗೆಮ್ಮ. ನಲವತ್ತರ ಆಚೀಚೆ, ಗಂಡ ಇಲ್ಲ, ಒಂದೇ ಎಮ್ಮೆ. ಕ್ಯಾನನ್ನು ಬೂದಿ ಹಾಕಿ ತಿಕ್ಕಿ ತಿಕ್ಕಿ ಬೆಳ್ಳಿ ಮಾಡಿದ್ದಳು. ನಾನು ಅದನ್ನೇ ನೋಡುವುದು ಕಂಡು, "ನಮ್ಮ ಕರೆವ್ವ ನನಗಿಂತ ಚೊಕ್ಕ ಅದಾಳ್ರಿ" ಅಂದಳು. ಕರೆವ್ವ ಅಂದರೆ ಎಮ್ಮೆ. ಆಗತಾನೇ ಈದು ತುಂಬು ಹಾಲಿನಲ್ಲಿತ್ತು.

ಅಂದು ಟ್ಯಾಂಕಿನ ಹಾಲು ತಂದು ನೋಡಿದರೆ ಮತ್ತೆ ಬೆಳ್ಳಗೆ. ಮ್ಯಾನೇಜರರು ಪಂಪಾಪತಿಯವರಿಗೆ ಫೋನಿನಲ್ಲಿ ಬೈದರು. ಫೋನು ಇಟ್ಟ ಮೇಲೆ ಊರಲ್ಲಿ ಏನು ನಡೆಯಿತೆಂದು ನನಗೆ ಆಮೇಲೆ ತಿಳಿಯಿತು. ಬೇವಿನ ಮರದ ಕೆಳಗೆ ಹಿರಿಯರು ಕೂತರು. ಯಾರ ಹಾಲು ಕೆಟ್ಟಿದ್ದೆಂದು ಯಾರೂ ಪರೀಕ್ಷೆ ಮಾಡಲಿಲ್ಲ, ಪರೀಕ್ಷೆಯ ಅಗತ್ಯವೇ ಯಾರಿಗೂ ಕಾಣಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಆ ಊರಲ್ಲಿ ಗಾದೆ ನಿಜವಾಯಿತು. ಕೇರಿಯ ಹಾಲು ನಿಲ್ಲಿಸಿದರು. ಕಿಟಕಿ ಮುಚ್ಚಿದರು. ಲಾಳಿಕೆಗೆ ಒಂದು ಬಟ್ಟೆ ತುರುಕಿದರು.

ಮುಂದಿನ ವಾರ ಜೀಪು ಊರು ಮುಟ್ಟುವ ಮೊದಲೇ ಹುಲಿಗೆಮ್ಮ ರಸ್ತೆಯಲ್ಲಿ ಕೈ ಅಡ್ಡ ಹಿಡಿದು ನಿಲ್ಲಿಸಿದಳು.

"ಮೇಡಂ, ನನ್ನ ಎಮ್ಮಿ ಹಾಲು ಕೆಟ್ಟೈತಿ ಅಂತ ನೀವು ಹೇಳಿದ್ರೇನ್ರಿ?"

"ಇಲ್ಲವ್ವ. ಟ್ಯಾಂಕಿನ ಹಾಲು ಕೆಟ್ಟೈತಿ ಅಂತ ಹೇಳಿದ್ದು."

"ಅವ್ರು ನಿಮ್ಮ ಹೆಸರು ಹೇಳ್ತಾರ. ಡೇರಿ ಮೇಡಂ ಮಷಿನ್ಯಾಗ ನೋಡ್ಯಾರ, ಕೇರಿ ಹಾಲಾಗ ಹುಳ ಅದಾವ ಅಂತ ಹೇಳ್ಯಾರ ಅಂತಾರ." ಅವಳು ಜೀಪಿನ ಬಾಗಿಲು ಹಿಡಿದು ನಿಂತಳು. "ಹಾಲು ಹಿಂಡದ ಬಿಟ್ರ ಕರೆವ್ವನ ಕೆಚ್ಚಲು ಬಾತುಕೊಳ್ತೈತ್ರಿ. ಹಿಂಡಿ ಎಲ್ಲಿ ಹಾಕ್ಲಿ? ಕೇರಿಯಾಗ ಎಲ್ಲಾರ ಮನ್ಯಾಗೂ ಹಾಲು ಐತಿ, ಯಾರಿಗಿ ಕೊಡ್ಲಿ? ಸಿರುಗುಪ್ಪದಿಂದ ದಲ್ಲಾಳಿ ಬಂದು ಎಮ್ಮಿ ಹಲ್ಲು ನೋಡಿಕೊಂಡು ಹೋಗ್ಯಾನ. ಕೊಡು ಅಂತಾನ. ನಾ ಕೊಡಂಗಿಲ್ಲ. ಆದ್ರ ಎಷ್ಟು ದಿನ ಕೊಡಂಗಿಲ್ಲ ಅನ್ಲಿ?"

ನಾನು ಜೀಪಿನಿಂದ ಇಳಿದು ಅವಳ ಜೊತೆ ಮನೆಗೆ ನಡೆದೆ. ಎಮ್ಮೆ ಹಿಂಡಿಸಿ ಅವಳ ಕ್ಯಾನಿನಿಂದ ನೇರವಾಗಿ ಹಾಲು ತೆಗೆದುಕೊಂಡೆ. ಕೇರಿಯ ಉಳಿದ ಮನೆಗಳಿಂದಲೂ ತೆಗೆದುಕೊಂಡೆ. ಕುರುಗೋಡಿಗೆ ತಂದು ನೀಲಿ ಬೆರೆಸಿ ನಿಲ್ಲಿಸಿದೆ. ಮಧ್ಯಾಹ್ನ ದಾಟಿತು, ಗುಡ್ಡದ ನೆರಳು ಕಿಟಕಿಗೆ ಬಂತು, ಹುಲಿಗೆಮ್ಮನ ಕೊಳವೆ ಆಕಾಶದಷ್ಟು ನೀಲಿಯಾಗಿ ನಿಂತಿತ್ತು. ಊಟ ಮರೆತು ಅದನ್ನೇ ನೋಡುತ್ತಾ ಕೂತಿದ್ದೆ.

ಮ್ಯಾನೇಜರರು ಬಂದು ನೋಡಿದರು, ಹೋದರು. "ಚಾಲಾ ಬಾಗುಂದಿ, ಬಹಳ ಚೆನ್ನಾಗಿದೆ. ಆದ್ರೆ ಊರಿನ ವಿಷಯದಲ್ಲಿ ನಾವು ಕೈ ಹಾಕೋದು ಬೇಡಮ್ಮಾ. ಟ್ಯಾಂಕು ಸರಿ ಆಗ್ಲಿ, ಆಮೇಲೆ ನೋಡೋಣ."

ಟ್ಯಾಂಕು ಸರಿಯಾಗಲಿಲ್ಲ. ಕೇರಿಯ ಹಾಲು ನಿಂತ ಮೇಲೆ ಮೊದಲಿಗಿಂತ ಬೇಗ ಬೆಳ್ಳಗಾಗತೊಡಗಿತು. ಇಷ್ಟಾದ ಮೇಲಾದರೂ ಊರಿಗೆ ಅನುಮಾನ ಬರಬೇಕಲ್ಲ. ಬರಲಿಲ್ಲ. ಆ ಹೆಂಗಸರು ನಿಂತಿದ್ದ ಜಾಗಕ್ಕೆ ಬ್ಲೀಚಿಂಗ್ ಸುರಿದರು. ಗೋಡೆಗೆ ಎರಚಿದರು. ಟ್ಯಾಂಕಿಗೆ ಹಾಕುವ ಬ್ಲೀಚಿಂಗನ್ನು ಇನ್ನೂ ಕಡು ಮಾಡಿದರು. ಹಾಲು ಬ್ಲೀಚಿಂಗ್ ನಾರತೊಡಗಿತು, ಆದರೂ ಕೆಟ್ಟಿತು. ಸಿರುಗುಪ್ಪದ ಒಂದು ಹೋಟೆಲಿನಲ್ಲಿ ಕಾಯಲಿಟ್ಟ ನಮ್ಮ ಡೇರಿಯ ಹಾಲು ಒಡೆದು, ಮಾಲೀಕ ಪ್ಯಾಕೆಟ್ಟು ತಂದು ನಮ್ಮ ಗೇಟಿನ ಮುಂದೆ ಬಿಸಾಕಿ ಹೋದ. ಮ್ಯಾನೇಜರರು ಆ ಊರಿನ ಟ್ಯಾಂಕನ್ನೇ ಮುಚ್ಚುವ ಮಾತಾಡಿದರು. ಮುಚ್ಚಿದ್ದರೆ ಆಪಾದನೆ ಹುಲಿಗೆಮ್ಮನ ತಲೆಯ ಮೇಲೆಯೇ ಉಳಿಯುತ್ತಿತ್ತು, ಒಂದು ತಲೆಮಾರಿನವರೆಗೆ.

ಈ ಸೂಕ್ಷ್ಮಜೀವಿಗಳ ರೀತಿಯೇ ಬೇರೆ. ಒಂಟಿಯಾಗಿ ನೀರಿನಲ್ಲಿ ತೇಲುವಾಗ ಬಡಪಾಯಿಗಳು, ಒಂದಿಷ್ಟು ಬ್ಲೀಚಿಂಗಿಗೆ ಸಾಯುತ್ತವೆ. ಆದರೆ ಹಾಲಿನ ಜಿಡ್ಡು ಉಳಿದ ಕಡೆ, ಗಡಸು ನೀರಿನ ಉಪ್ಪು ಕಟ್ಟಿದ ಕಡೆ ಒಮ್ಮೆ ಅಂಟಿಕೊಂಡವೋ, ತಾವೇ ಲೋಳೆ ಸುರಿಸಿಕೊಂಡು ಅದರೊಳಗೆ ಸಂಸಾರ ಹೂಡುತ್ತವೆ. ಮೇಲೆ ಬ್ಲೀಚಿಂಗ್ ಬಿದ್ದರೆ ಮೇಲಿನವು ಸಾಯುತ್ತವೆ. ಬ್ಲೀಚಿಂಗಿನ ಶಕ್ತಿ ಆ ಲೋಳೆಯನ್ನೂ ಜಿಡ್ಡನ್ನೂ ಸುಡುವುದರಲ್ಲೇ ಮುಗಿದುಹೋಗುತ್ತದೆ. ತಳದಲ್ಲಿದ್ದವು ಹಾಗೇ ಕೂತಿರುತ್ತವೆ, ಮರುದಿನದ ಹಾಲಿಗೆ ಕಾಯುತ್ತಾ. ಹಾಲು ಕುಡಿದ ಮಕ್ಕಳೇ ಬದುಕುವುದಿಲ್ಲ, ವಿಷ ಕುಡಿದ ಮಕ್ಕಳು ಬದುಕುತ್ತವೆಯೇ ಅನ್ನುತ್ತಾರೆ ನಮ್ಮ ಕಡೆ. ಬದುಕುತ್ತವೆ. ನಾನು ಕಣ್ಣಾರೆ ಕಂಡಿದ್ದೇನೆ.

ಅವು ಎಲ್ಲಿ ಕೂತಿವೆ ಎಂಬುದೊಂದೇ ಪ್ರಶ್ನೆ. ಹಾಲು ಬರುವ ದಾರಿಯನ್ನೇ ಹಿಡಿದು ಹೊರಟೆ. ಊರವರ ಕ್ಯಾನುಗಳಿಂದ ಹಾಲು ತೆಗೆದೆ, ಚೆನ್ನಾಗಿತ್ತು. ಮುಂಬಾಗಿಲ ತೊಟ್ಟಿಯದು ಚೆನ್ನಾಗಿತ್ತು. ಪಂಪು ದಾಟಿದ ಮೇಲೆ ಕೆಟ್ಟಿತ್ತು. ಪಂಪಿಗೂ ಟ್ಯಾಂಕಿಗೂ ನಡುವೆ ಇದ್ದದ್ದು ಆ ಸ್ಟೀಲ್ ಕೊಳವೆ, ಮತ್ತು ಅದಕ್ಕೆ ಬಂದು ಕೂಡಿದ್ದ ಹಸಿರು ಪೈಪು.

ಅಂದು ಪಂಪಾಪತಿಯವರು ಯಾವುದೋ ಕೆಲಸಕ್ಕೆ ಸಿರುಗುಪ್ಪಕ್ಕೆ ಹೋಗಿದ್ದರು. ಈರಣ್ಣನಿಗೆ ಸ್ಟೀಲ್ ಕೊಳವೆ ಬಿಚ್ಚಲು ಹೇಳಿದೆ. ಪಟಪಟನೆ ಬಿಚ್ಚಿದ. ಒಳಗೆ ಬೆರಳಾಡಿಸಿದರೆ ಕಿರ್ರೆಂದಿತು. ದಿನವೂ ಬಿಚ್ಚಿ, ವಾಷಿಂಗ್ ಸೋಡಾ ಕಲಸಿದ ಬಿಸಿ ನೀರು ಹಾಕಿ, ಬ್ರಷ್ಷಿನಿಂದ ತಿಕ್ಕುತ್ತಿದ್ದ. ಕೆಲಸಗಾರ.

"ಈಗ ಹಸಿರುದು ಬಿಚ್ಚಪ್ಪ."

ಈರಣ್ಣ ಕೈ ಹಿಂದಕ್ಕೆ ತೆಗೆದ. "ಅದನ್ನ ಬಿಚ್ಚಂಗಿಲ್ರಿ."

"ಯಾಕ, ಗಟ್ಟಿ ಐತೇನು?"

"ಗಟ್ಟಿ ಇಲ್ರಿ." ನೆಲ ನೋಡಿದ. "ಅದಕ್ಕ ನಾವು ಕೈ ಹಚ್ಚಂಗಿಲ್ರಿ. ಲಾಳಿಕಿ ಬಟ್ಟಿ ಕಡ್ಡೀಲೆ ಸರಿಸಿ ಮ್ಯಾಲಿಂದ ಬ್ಲೀಚಿಂಗ್ ನೀರು ಬಿಡ್ತೀವಿ. ದಿನಾ ಬಿಡ್ತೀನ್ರಿ ಮೇಡಂ, ಒಂದಿನಾ ತಪ್ಪಿಲ್ಲ. ಸ್ಟೀಲ್ ಪೈಪಿಗೆ ಹಾಕಾದಕ್ಕಿಂತ ಡಬಲ್ ಹಾಕ್ತೀನಿ."

ಕೈ ಹಚ್ಚುವುದಕ್ಕೆ ಆಗದ್ದಕ್ಕೆ ಡಬಲ್ ಬ್ಲೀಚಿಂಗ್. ಎಷ್ಟೋ ದಿನದಿಂದ ನಾನು ಹುಡುಕುತ್ತಿದ್ದದ್ದು ಒಂದು ಜಾಗ. ಆ ಜಾಗ ಯಾವುದೆಂದು ಊರಿಗೆಲ್ಲ ಮೊದಲೇ ಗೊತ್ತಿತ್ತು: ಕೈ ಹೋಗದ ಜಾಗ.

ಹಿಂದೆ ಹೋಗಿ ನೋಡಿದರೆ ಹುಲಿಗೆಮ್ಮ ಹುಲ್ಲು ಹೊತ್ತುಕೊಂಡು ಹೊಲದಿಂದ ಬರುತ್ತಿದ್ದಳು. ಅವಳ ಕುಡುಗೋಲು ಇಸಕೊಂಡೆ. ಗೋಡೆಯ ಮೇಲೆ ಜೋತುಬಿದ್ದು ಹೊಟ್ಟೆ ಬಿಟ್ಟಿದ್ದ ಕಡೆ ಪೈಪನ್ನು ಕೊಯ್ದೆ. ಮೊದಲು ಹುಳಿ ನಾತ ಬಂತು, ಆಮೇಲೆ ಹಳದಿ ನೀರು. ಉದ್ದಕ್ಕೆ ಸೀಳಿದರೆ ಒಳಮೈಗೆ ಕಂದು ಲೋಳೆ, ಹಳೆಯ ಬಾವಿಯ ಮೆಟ್ಟಿಲಿನ ಪಾಚಿಯಂತೆ ದಪ್ಪಗೆ. ಕೇರಿಯ ಹಾಲು ಬರುತ್ತಿದ್ದಾಗ ದಿನಾ ಒಂದಿಷ್ಟಾದರೂ ಅದು ಹರಿದು ಹೋಗುತ್ತಿತ್ತು. ಕಿಟಕಿ ಮುಚ್ಚಿದ ಮೇಲೆ ಪೈಪಿನಲ್ಲಿ ಆ ಹರಿವೇ ನಿಂತಿತು. ಪಂಪು ಹಾಕಿದಾಗೆಲ್ಲ ಊರವರ ಹಾಲೇ ಹಿಮ್ಮುಖವಾಗಿ ಅದರೊಳಗೆ ನುಗ್ಗಿ, ಬಿಸಿಲಿಗೆ ಕಾದು, ಲೋಳೆಯನ್ನು ಕಿತ್ತುಕೊಂಡು ಟ್ಯಾಂಕಿಗೆ ವಾಪಸು ಹೋಗುತ್ತಿತ್ತು.

ಹುಲಿಗೆಮ್ಮ ಬಗ್ಗಿ ನೋಡಿದಳು. ಮೂಗು ಮುಚ್ಚಿಕೊಂಡಳು. "ಇದರಾಗ ನಮ್ಮ ಹಾಲು ಹಾಕಿಸ್ತಿದ್ರೇನ್ರಿ?" ಅಂದಳು.

ಪೈಪಿನ ಎರಡು ತುಂಡು ಕುರುಗೋಡಿಗೆ ತಂದೆ. ಒಂದನ್ನು ಬಿಸಿ ಸೋಡಾ ನೀರಿನಲ್ಲಿ ಬ್ರಷ್ ಹಾಕಿ ತಿಕ್ಕಿದೆ. ಇನ್ನೊಂದನ್ನು ಮುಟ್ಟಲಿಲ್ಲ. ಆಮೇಲೆ ಎರಡನ್ನೂ ಒಂದೇ ಬ್ಲೀಚಿಂಗ್ ನೀರಿನಲ್ಲಿ ಒಂದೇ ಹೊತ್ತು ಮುಳುಗಿಸಿದೆ. ಎರಡರ ಒಳಮೈಯನ್ನೂ ಕೆರೆದು ಗಾಜಿನ ತಟ್ಟೆಗಳಲ್ಲಿ ಸೂಕ್ಷ್ಮಜೀವಿ ಬೆಳೆಯಲು ಬಿಟ್ಟೆ. ತಿಕ್ಕಿದ್ದರ ತಟ್ಟೆ ಖಾಲಿ. ಮುಟ್ಟದಿದ್ದರ ತಟ್ಟೆಯಲ್ಲಿ ಚುಕ್ಕೆ ಎಣಿಸಲು ಜಾಗವಿರಲಿಲ್ಲ, ಎಲ್ಲ ಕೂಡಿ ಒಂದೇ ಮುದ್ದೆ.

ಆ ಎರಡು ತಟ್ಟೆಗಳನ್ನು ಸೀರೆಯ ಸೆರಗಿನಲ್ಲಿ ಮುಚ್ಚಿಕೊಂಡು ಊರಿಗೆ ಹೋದೆ. ಬೇವಿನ ಮರದ ಕೆಳಗೆ ಜನ ಸೇರಿದ್ದರು. ಕೇರಿಯವರು ಆಚೆ ಕಟ್ಟೆಯ ಹತ್ತಿರ. ತಟ್ಟೆ ತೋರಿಸಿದೆ, ಸೀಳಿದ ಪೈಪು ತೋರಿಸಿದೆ. ಕೈಯಿಂದ ಕೈಗೆ ದಾಟಿಸಿ ನೋಡಿ ಅಂದರೆ ಪೈಪನ್ನು ಯಾರೂ ಹಿಡಿಯಲಿಲ್ಲ. ಈರಣ್ಣ ಬೇವಿನ ಕಡ್ಡಿಯಿಂದ ಒಮ್ಮೆ ತಿವಿದ.

"ಕೈ ಕೆಸರಾದ್ರ ಬಾಯಿ ಮೊಸರು ಅಂತೀರಿ" ಎಂದೆ. "ಇದಕ್ಕ ಕೈ ಹಾಕಿ ತಿಕ್ಕಬೇಕಿತ್ತು. ಬ್ಲೀಚಿಂಗ್ ಕೊನೀಗೆ. ತಿಕ್ಕದ ಬರೇ ಬ್ಲೀಚಿಂಗ್ ಸುರಿದ್ರ ಮ್ಯಾಲಿನವು ಸಾಯ್ತಾವ, ತಳದಾಗಿನವು ಉಳೀತಾವ. ಒಂದಿನ ತಿಕ್ಕಾದು ಬಿಟ್ರ ಮತ್ತ ಹತ್ತತೈತಿ."

ಪಂಪಾಪತಿಯವರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. "ಅಂದ್ರ ತಪ್ಪು ಯಾರ್ದು ಅಂತೀರಿ ಮೇಡಂ?"

"ಹಾಲಿಂದಲ್ಲ. ಪೈಪಿಂದು."

ಎಲ್ಲರೂ ಉಸಿರು ಬಿಟ್ಟರು. ಪೈಪಿನ ತಪ್ಪಾದರೆ ಯಾರಿಗೂ ನೋವಿಲ್ಲ. ಆಗ ಆಚೆ ಕಟ್ಟೆಯಿಂದ ಹುಲಿಗೆಮ್ಮ ಕೇಳಿದಳು, "ಪೈಪು ಯಾರ್ದ್ರಿ?"

ಯಾರೋ ಹಿರಿಯರು, "ಏ ಹುಲಿಗಿ, ಸುಮ್ನಿರು" ಅಂದರು. ಅದು ನನ್ನ ಮೈಗೆ ಬೆಂಕಿ ಇಟ್ಟಿತು. ಪಂಪಾಪತಿಯವರ ಕಡೆ ತಿರುಗಿದೆ.

"ಅವತ್ತು ಯಾವ ಪೈಕಿ ಅಂತ ಕೇಳಿದ್ರಲ್ಲ ಸೆಕ್ರೇಟ್ರಿಯವರ, ಹೇಳ್ತೀನಿ ಕೇಳ್ರಿ. ಕಿಟಕಿ ಆಚಿನವ್ರ ಪೈಕಿ. ನಮ್ಮ ಅಜ್ಜಿನೂ ಇಂಥ ಒಂದು ಕಿಟಕಿ ಮುಂದ ನಿಂತಾಕಿ."

ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಯಾಕೆ ನಾಚಬೇಕು, ನಾನೇನು ಕದ್ದಿದ್ದೆನೇ? ತಟ್ಟೆಗಳನ್ನು ಬಿಗಿಯಾಗಿ ಹಿಡಿದುಕೊಂಡೆ. ಪಂಪಾಪತಿಯವರ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಗಾಬರಿ ಕಂಡಿತು, ಏನೋ ಲೆಕ್ಕ ತಪ್ಪಿದವರ ಗಾಬರಿ.

ಕುರುಗೋಡಿಗೆ ಬಂದರೆ ಮ್ಯಾನೇಜರರ ಪರಿಹಾರ ಸಿದ್ಧವಾಗಿತ್ತು. "ಹಿಂದಿನ ಕಿಟಕಿಗೂ ಸ್ಟೀಲ್ ಪೈಪು ಹಾಕಿಸೋಣಮ್ಮಾ. ಎರಡು ಬಾಯಿ ಇರ್ಲಿ, ಎರಡೂ ಕ್ಲೀನ್ ಇರ್ಲಿ. ಗಲಾಟೆ ಯಾಕೆ?"

ಸ್ಟೀಲ್ ಪೈಪಾದರೂ ಬಿಚ್ಚಿ ತಿಕ್ಕಬೇಕು, ಯಾರು ತಿಕ್ಕುತ್ತಾರೆ, ಆ ಊರಲ್ಲಿ ಅದಕ್ಕೆ ಕೈ ಹಚ್ಚುವವರಿಲ್ಲ, ಮಳೆಗಾಲದೊಳಗೆ ಮತ್ತೆ ಇದೇ ಲೋಳೆ, ಮತ್ತೆ ಗೇಟಿನ ಮುಂದೆ ಒಡೆದ ಹಾಲು ಎಂದೆ. ಟ್ಯಾಂಕಿಗೆ ಒಂದೇ ಬಾಯಿ ಇರಬೇಕು ಎಂದೆ. ಒಡೆದ ಹಾಲಿನ ಮಾತಿಗೆ ಅವರು ಒಪ್ಪಿದರು. ಕಿಟಕಿಯ ಜಾಗಕ್ಕೆ ಇಟ್ಟಿಗೆ ಕಟ್ಟಿಸಿದರು. ನನಗೆ ಗೆದ್ದ ಖುಷಿಯಾಗಬೇಕಿತ್ತು. ಅಜ್ಜಿ ನಿಂತ ಕಿಟಕಿ ಮುಚ್ಚಲು ಅದು ತಪ್ಪು ಎನ್ನುವ ಮಾತು ಸಾಲಲಿಲ್ಲ, ಹಾಲು ಒಡೆಯುತ್ತದೆ ಎನ್ನುವ ಮಾತು ಬೇಕಾಯಿತು. ಬಸ್ಸಿನಲ್ಲಿ ಬಳ್ಳಾರಿಯವರೆಗೂ ಅದನ್ನೇ ಕಡೆಯುತ್ತಾ ಕೂತಿದ್ದೆ.

ಕೊನೆಯ ಸಲ ಹೋದಾಗ ಕೇರಿಯ ಹೆಂಗಸರು ಮುಂಬಾಗಿಲಲ್ಲಿ ಹಾಲು ಹುಯ್ದರು. ಹುಲಿಗೆಮ್ಮ ಹುಯ್ದು ಖಾಲಿ ಕ್ಯಾನನ್ನು ನನಗೆ ತೋರಿಸಿ ನಕ್ಕಳು. ದಲ್ಲಾಳಿ ಬರಿಗೈಯಲ್ಲಿ ಹೋಗಿದ್ದ. ಟ್ಯಾಂಕಿನ ಹಾಲು ಸಂಜೆಯವರೆಗೂ ನೀಲಿಯಾಗಿ ನಿಂತಿತು. ಪಂಪಾಪತಿಯವರು ನನಗೆ ಚಹಾ ತರಿಸಿದರು. ಅದು ಕಾಗದದ ಲೋಟದಲ್ಲಿ ಬಂತು. ಅವರ ಕೈಯಲ್ಲಿ ಸ್ಟೀಲ್ ಲೋಟವಿತ್ತು. ನಾನು ನೋಡಿದ್ದನ್ನು ಅವರೂ ನೋಡಿದರು.

"ಇದು ಕ್ಲೀನ್ ಇರತೈತ್ರಿ ಮೇಡಂ" ಅಂದರು. "ಕುಡಿದು ಒಗಿಯೋದು, ತೊಳಿಯೋದ ಇಲ್ಲ."

ಚಹಾ ನಾನು ಕುಡಿಯಲಿಲ್ಲ. ಆ ಮಳೆಗಾಲ ಶುರುವಾಗುವಾಗ ಡೇರಿಯ ಕೆಲಸ ಬಿಟ್ಟು ಕಾಲೇಜಿಗೆ ಸೇರಿದೆ.

ಮದುವೆ ಮುಗಿಸಿ ಬಂದ ಮೇಲೆ ಆ ವಾಸನೆ ನಿದ್ದೆಗೆಡಿಸಿತ್ತಲ್ಲ, ಮೊನ್ನೆ ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಸಿರುಗುಪ್ಪಕ್ಕೆ ಹೋಗಿ, ಅಲ್ಲಿಂದ ಒಂದು ಆಟೋ ಹಿಡಿದೆ. ಗದ್ದೆಗಳಲ್ಲಿ ಕೂಳೆ ಹಾಗೇ ಇತ್ತು, ಬೇವು ಹಾಗೇ ಇತ್ತು. ಕಿಟಕಿಯ ಜಾಗದಲ್ಲಿ ಇಟ್ಟಿಗೆ. ಟ್ಯಾಂಕಿಗೆ ಒಂದೇ ಬಾಯಿ. ಈರಣ್ಣ ಕೂದಲು ನೆರೆತು, "ಬರ್ರಿ ಮೇಡಂ, ಎಲ್ಲಿ ಬೇಕಾದ್ರೂ ಬೆರಳಿಟ್ಟು ನೋಡ್ರಿ" ಎಂದು ಹೆಮ್ಮೆಯಿಂದ ಕರೆದ. ಕೊಳವೆ ಸೇರುವ ಕಡೆ, ರಬ್ಬರ್ ಉಂಗುರದ ಸಂದಿ, ಎಲ್ಲ ಕಡೆ ಬೆರಳಿಟ್ಟೆ. ಎಲ್ಲೂ ಜಾರಲಿಲ್ಲ.

ಬೇವಿನ ಕೊಂಬೆಗೆ ಒಂದು ಕಬ್ಬಿಣದ ತುಂಡು ಕಟ್ಟಿದ್ದರು. ಇದೇನು ಎಂದು ಕೇಳಿದೆ. ಊರವರದೆಲ್ಲ ಮುಗಿದ ಮೇಲೆ ಅದನ್ನು ಬಾರಿಸುತ್ತಾರಂತೆ, ಆಮೇಲೆ ಕೇರಿಯವರು ಬರಬೇಕಂತೆ.

"ರಶ್ ಆಗಬಾರ್ದು ಅಂತ ಮೇಡಂ" ಎಂದರು ಪಂಪಾಪತಿಯವರು. ಅದೇ ಮಾತು, ಅದೇ ದನಿ, ಅಂಗಿಯೂ ಅಷ್ಟೇ ಬಿಳಿ.

ಟ್ಯಾಂಕಿನೊಳಗೆ ಬೆರಳಿಗೆ ಸಿಗದ್ದು ಹೊರಗೆ ಮರದ ಕೊಂಬೆಯಲ್ಲಿ ನೇತಾಡುತ್ತಿತ್ತು. ನನಗೆ ಅಳು ಬಂತು. ಇಷ್ಟಕ್ಕಾಗಿ ನಾನು ಬಸ್ಸು ಹತ್ತಿ ಬರಬಾರದಿತ್ತು ಅನ್ನಿಸಿತು. ಹೊರಡೋಣವೆಂದು ಬಾಗಿಲಿಗೆ ಬಂದರೆ, ಸಾಲಿನ ಮುಂದೆ, ಊರವರೆಲ್ಲರಿಗಿಂತ ಮುಂದೆ, ಕ್ಯಾನು ನೆಲಕ್ಕಿಟ್ಟು ಹುಲಿಗೆಮ್ಮ ನಿಂತಿದ್ದಳು. ಹಿಂದಿನ ಗಂಡಸರು ಗೊಣಗುತ್ತಿದ್ದರು.

"ದಿನಾ ಹಿಂಗ ಮೇಡಂ" ಅಂದ ಈರಣ್ಣ, ತಗ್ಗಿದ ದನಿಯಲ್ಲಿ. "ಎಲ್ಲಾರಿಗಿಂತ ಮೊದಲ ಬಂದು ನಿಂದರತಾಳ. ಬೆಲ್ಲು ಆಗ್ಲಿ ಅಂದ್ರ ಕೇಳಂಗಿಲ್ಲ. ಒಮ್ಮೊಮ್ಮೆ ತಗೋತೀವಿ, ಒಮ್ಮೊಮ್ಮೆ ಕಡೀತನಕ ನಿಂದ್ರಸತಾರ. ಮರುದಿನ ಮತ್ತ ಬರ್ತಾಳ."

ನಾನು ಹತ್ತಿರ ಹೋದೆ. ಅವಳಿಗೆ ನನ್ನ ಗುರುತು ಹತ್ತಿತು. ಕರೆವ್ವ ಮತ್ತೆ ಈದಿದ್ದಾಳೆ, ಹೆಣ್ಣು ಕರು ಅಂದಳು.

"ದಿನಾ ಯಾಕ ಇಷ್ಟು ಲಗೂನ ಬಂದು ನಿಂದರತೀಯವ್ವ?" ಎಂದೆ. "ದಣಿವಾಗಂಗಿಲ್ಲೇನು?"

"ನೀವ ಹೇಳಿದ್ರಲ್ರಿ ಮೇಡಂ" ಅಂದಳು ಹುಲಿಗೆಮ್ಮ. "ಒಂದಿನ ತಿಕ್ಕಾದು ಬಿಟ್ರ ಮತ್ತ ಹತ್ತತೈತಿ ಅಂತ."

ಈರಣ್ಣ ಪಂಪಾಪತಿಯವರ ಮುಖ ನೋಡಿದ. ಹುಲಿಗೆಮ್ಮ ಯಾರ ಮುಖವನ್ನೂ ನೋಡಲಿಲ್ಲ. ಬಗ್ಗಿ ಕ್ಯಾನಿನ ಮುಚ್ಚಳ ತೆಗೆದಳು.